ಒಂದೇ ತಾನ್, ಎರಡು ಬಾರಿ: ದಾವಣಗೆರೆಯ ಧ್ವನಿಮುದ್ರಿಕೆ ಪ್ರಶಸ್ತಿಯೊಂದರ ಪ್ರಕರಣ ಅಧ್ಯಯನ

ದಾವಣಗೆರೆಯ ಒಂದು ಸಂಗೀತ ಸಭೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ ತನ್ನ ಐದನೆಯ ವರ್ಷದಲ್ಲಿ ಹೇಗೆ ಕುಸಿಯುವ ಹಂತಕ್ಕೆ ಬಂತು, ಅದನ್ನು ಉಳಿಸಿಕೊಳ್ಳಲು ಏನೇನು ಮಾಡಿದೆವು, ಮಾಡಿದ್ದರಲ್ಲಿ ಯಾವುದು ಫಲಿಸಿತು ಯಾವುದು ಫಲಿಸಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಸಭೆಯ ಕಾರ್ಯಕಾರಿ ಸಮಿತಿಯಲ್ಲಿ ನಾನು ಆಗ ಇದ್ದೆ, ಈಗಲೂ ಇದ್ದೇನೆ. ಗಾಯಕಿ, ತಬಲಾ ವಾದಕರು ಮತ್ತು ದಾನಿಗಳ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದರೂ ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಸಂಗತಿಗಳು ನಡೆದ ಕ್ರಮವನ್ನು ಮಾತ್ರ ಬದಲಿಸಿಲ್ಲ. ಊರೂರಲ್ಲಿ ಇಂಥ ಪ್ರಶಸ್ತಿಗಳನ್ನು ನಡೆಸುತ್ತಿರುವ ಸಭೆಗಳು ಸಾಕಷ್ಟಿವೆ. ನಾವು ಎಡವಿದ ಜಾಗ ಅವರಿಗೆ ಮೊದಲೇ ತಿಳಿದಿರಲಿ ಎಂಬುದೇ ಇದನ್ನು ಬರೆಯುವ ಉದ್ದೇಶ.

ಹಿನ್ನೆಲೆ

ದಾವಣಗೆರೆಯ ಶ್ರೋತೃಗಳ ಬಗ್ಗೆ ಒಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ತುಂಗಭದ್ರೆಯ ಆಚೆ ದಡ ಹಿಂದೂಸ್ತಾನಿಯದು, ಈಚೆ ದಡ ಕರ್ನಾಟಕಿಯದು ಎಂದು ಸ್ಥೂಲವಾಗಿ ಹೇಳುವುದುಂಟು. ಹರಿಹರದ ಹೊಳೆಗೆ ಸುಮಾರು 15 ಕಿಲೋಮೀಟರು ದೂರದಲ್ಲಿರುವ ನಮ್ಮೂರಿಗೆ ಆ ಗೆರೆ ಎಂದೂ ಸರಿಯಾಗಿ ಹೊಂದಿದ್ದಿಲ್ಲ. ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದಿದ್ದ ಪಂಚಾಕ್ಷರಿ ಗವಾಯಿಗಳು ಗದುಗಿನಲ್ಲಿ ಕಟ್ಟಿದ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತ ಗುರುಗಳು ಇಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರವಾದ ಖಯಾಲ್ ಹೇಳಿಕೊಟ್ಟರು. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಸಂಜೆ ಹೊತ್ತಿಗೆ ಕರ್ನಾಟಕಿಯ ವರ್ಣ, ಕೃತಿಗಳ ಪಾಠ ನಡೆಯುತ್ತಿತ್ತು. ನಮ್ಮ ಸಭೆಯ ತಿಂಗಳ ಬೈಠಕ್ಕಿಗೆ ಬರುವ ನೂರಿಪ್ಪತ್ತು ಜನರಲ್ಲಿ ಇಬ್ಬಗೆಯವರೂ ಇದ್ದರು. ಹೀಗಿರುವುದನ್ನು ಊರಿನ ಹಿರಿಮೆ ಎಂದೇ ನಾವು ತಿಳಿದಿದ್ದೆವು. ಅದರಿಂದ ತೀರ್ಪಿಗೆ ತೊಡಕಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹತ್ತಿ ವ್ಯಾಪಾರದಲ್ಲಿದ್ದ ಒಂದು ಕುಟುಂಬ ತಮ್ಮ ತಂದೆಯ ನೆನಪಿಗೆ ಸಭೆಯ ಹೆಸರಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೆ ಎರಡು ಗೌರವಗಳನ್ನು ಕೊಡಬೇಕೆಂದು ಕೇಳಿಕೊಂಡಿತು. ಒಂದು ಕಲಾವಿದರಿಗೆ, ಇನ್ನೊಂದು ಆ ವರ್ಷದ ಶ್ರೇಷ್ಠ ಶಾಸ್ತ್ರೀಯ ಧ್ವನಿಮುದ್ರಿಕೆಗೆ. ಎರಡನೆಯದಕ್ಕೆ ಕಾರಣವಿತ್ತು. ಆ ತಂದೆಯವರು 78 ಆರ್‌ಪಿಎಂ ತಟ್ಟೆಗಳನ್ನು ಕೂಡಿಟ್ಟವರು, ಅಂಗಡಿಯ ಗಲ್ಲೆಯ ಹಿಂದೆ ಗ್ರಾಮಫೋನು ಇಟ್ಟುಕೊಂಡು ಮೂರು ಮೂರು ನಿಮಿಷದ ಹಾಡುಗಳನ್ನು ಕೇಳುತ್ತಲೇ ಲೆಕ್ಕ ಬರೆದವರು. ದೊಡ್ಡ ಕಛೇರಿಗಳಿಗೆ ಹೋಗಲು ಬಿಡುವಿಲ್ಲದ ಅವರಿಗೆ ಸಂಗೀತವನ್ನು ತಂದುಕೊಟ್ಟದ್ದು ತಟ್ಟೆಗಳೇ. ಆದ್ದರಿಂದ ಧ್ವನಿಮುದ್ರಣವನ್ನೂ ಒಂದು ಕಲೆಯೆಂದು ಗೌರವಿಸಬೇಕೆಂಬ ಮಕ್ಕಳ ಆಸೆ ತಕ್ಕದ್ದೇ ಆಗಿತ್ತು.

ನಿಯಮಾವಳಿ ಒಂದು ಪುಟದ್ದು. ಅದರಲ್ಲಿ ವಯಸ್ಸಿನ ಮಿತಿ ಇತ್ತು, ಕನಿಷ್ಠ ಅವಧಿ ಇತ್ತು, ಕಳುಹಿಸುವ ಕೊನೆಯ ದಿನಾಂಕ ಇತ್ತು. ಧ್ವನಿಮುದ್ರಿಕೆ ಎಂದರೆ ಏನೆಂಬ ವಿವರಣೆ ಮಾತ್ರ ಇರಲಿಲ್ಲ. ಕಛೇರಿಯಲ್ಲಿ ಜನರ ಮುಂದೆ ಹಾಡಿದ್ದೂ ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹಾಡಿ ಜೋಡಿಸಿದ್ದೂ ಒಂದೇ ರಾಶಿಯಲ್ಲಿ ಬರುತ್ತಿದ್ದವು. ಮೂವರು ತೀರ್ಪುಗಾರರು ಅಂಕ ಕೊಡುತ್ತಿದ್ದರು, ನಾವು ಕೂಡಿಸುತ್ತಿದ್ದೆವು. ನಾಲ್ಕು ವರ್ಷ ಯಾರೂ ಒಂದು ಪ್ರಶ್ನೆಯನ್ನೂ ಎತ್ತಲಿಲ್ಲ. ಪ್ರಶ್ನೆ ಬರದಿರುವುದನ್ನೇ ಪದ್ಧತಿ ಸರಿಯಿರುವುದರ ಗುರುತೆಂದು ನಾವು ನಂಬಿದ್ದೆವು.

ಒಂದು ಪತ್ರ

ಐದನೆಯ ವರ್ಷ 41 ಧ್ವನಿಮುದ್ರಿಕೆಗಳು ಬಂದವು. ಗೆದ್ದದ್ದು ಉತ್ತರ ಕರ್ನಾಟಕದ ಯುವ ಗಾಯಕಿಯೊಬ್ಬರ ಪೂರಿಯಾ ಧನಾಶ್ರೀ: ವಿಲಂಬಿತ್, ಅಂದರೆ ನಿಧಾನಗತಿಯ ಏಕತಾಲದಲ್ಲಿ ಬಡಾ ಖಯಾಲ್, ಮುಂದೆ ತೀನ್‌ತಾಲದಲ್ಲಿ ವೇಗದ ಛೋಟಾ ಖಯಾಲ್, ಒಟ್ಟು 34 ನಿಮಿಷ. ಸಂಜೆಯ ರಾಗವನ್ನು ಅವರು ಆತುರವಿಲ್ಲದೆ ಬಿಡಿಸಿದ್ದರು. ಕೋಮಲ ರಿಷಭದ ಮೇಲೆ ನಿಲ್ಲುವ ರೀತಿಯಲ್ಲಿ ನಿಜವಾದ ತಾಲೀಮು ಕೇಳಿಸುತ್ತಿತ್ತು. ಈಗಲೂ ನಾನು ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ತೀರ್ಪುಗಾರರ ಟಿಪ್ಪಣಿಗಳನ್ನು ಆಧರಿಸಿ ಸನ್ಮಾನ ಪತ್ರದ ಒಕ್ಕಣೆ ಬರೆದವನು ನಾನೇ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಗಾಯನ ಮತ್ತು ತಬಲಾಗಳ ನಡುವಿನ ಆಪ್ತ ಸಂವಾದ ಈ ಧ್ವನಿಮುದ್ರಿಕೆಯ ಜೀವಾಳ.’ ಆಮಂತ್ರಣ ಪತ್ರಿಕೆಯಲ್ಲೂ ಅದನ್ನೇ ಅಚ್ಚು ಹಾಕಿಸಿ ವಾಟ್ಸಾಪಿನಲ್ಲಿ ಹಂಚಿದೆವು.

ಸಮಾರಂಭಕ್ಕೆ 19 ದಿನ ಇರುವಾಗ ಆ ಧ್ವನಿಮುದ್ರಿಕೆಗೆ ತಬಲಾ ನುಡಿಸಿದವರಿಂದ ಅಂಚೆಯಲ್ಲಿ ಪತ್ರ ಬಂತು. ದೂರಿನ ದನಿ ಅದರಲ್ಲಿರಲಿಲ್ಲ. ಆಮಂತ್ರಣ ತಮಗೂ ಯಾರೋ ಕಳುಹಿಸಿದರೆಂದೂ, ಸಂವಾದವನ್ನು ಹೊಗಳಿದ್ದು ಓದಿ ಸಂಕಟವಾಯಿತೆಂದೂ ಬರೆದಿದ್ದರು. ‘ನಾನು ಮತ್ತು ಆ ಗಾಯಕಿ ಒಂದು ದಿನವೂ ಒಂದೇ ಕೋಣೆಯಲ್ಲಿ ಕುಳಿತಿಲ್ಲ. ಅವರು ತಾಳಯಂತ್ರದ ಠೇಕಾ ಇಟ್ಟುಕೊಂಡು ಹಾಡಿ ಹೋದ ಮೇಲೆ ಮೂರು ಸಲ ನನ್ನನ್ನು ಕರೆಸಿ, ಕಿವಿಗೆ ಹೆಡ್‌ಫೋನು ಹಾಕಿ ನುಡಿಸಿಸಿದರು. ಹೆಸರನ್ನೂ ಎಲ್ಲಿಯೂ ಹಾಕಲಿಲ್ಲ.’ ಕೊನೆಯಲ್ಲಿ ತಾನ್ ಬಗ್ಗೆ, ಅಂದರೆ ವೇಗವಾಗಿ ಹಾಡುವ ಸ್ವರಗಳ ಸರಣಿಯ ಬಗ್ಗೆ, ಇನ್ನೊಂದು ಸಾಲು ಇತ್ತು: ‘ಬಡಾ ಖಯಾಲಿನಲ್ಲಿ ಒಂದು ತಾನ್ ಎರಡು ಸಲ ಬರುತ್ತದೆ. ಎರಡೂ ಒಂದೇ ಎಂದು ನನ್ನ ಗುಮಾನಿ.’

ಆ ಪತ್ರವನ್ನು ನಾನು ಎಂಟು ದಿನ ಮೇಜಿನ ಖಾನೆಯಲ್ಲಿಟ್ಟೆ. ಆಮಂತ್ರಣ ಹಂಚಿಯಾಗಿತ್ತು, ಸಭಾಂಗಣದ ಬಾಡಿಗೆ ಕಟ್ಟಿಯಾಗಿತ್ತು, ಬೆಂಗಳೂರಿನಿಂದ ಬರುವ ಅತಿಥಿಗೆ ರೈಲಿನ ಟಿಕೆಟ್ಟೂ ಆಗಿತ್ತು. ಪಕ್ಕವಾದ್ಯದ ಒಬ್ಬ ಸಾಥಿದಾರರ ಅಸಮಾಧಾನ ತಾನಾಗಿ ತಣ್ಣಗಾಗುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಈ ಪ್ರಕರಣದಲ್ಲಿ ಆದ ತಪ್ಪುಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದೇ. 19 ದಿನಗಳಲ್ಲಿ ಸಮಾಧಾನವಾಗಿ ಮಾಡಬಹುದಾಗಿದ್ದ ಕೆಲಸವನ್ನು 11 ದಿನಗಳಲ್ಲಿ ಗಾಬರಿಯಿಂದ ಮಾಡಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಉತ್ತರಕ್ಕಾಗಿ ಕಾದಿದ್ದ ಆ ವಾದಕರಿಗೆ ಸಭೆಯೂ ಸ್ಟುಡಿಯೋದವರ ಹಾಗೆಯೇ ತಮ್ಮನ್ನು ಲೆಕ್ಕಕ್ಕಿಲ್ಲದವರೆಂದು ಎಣಿಸಿತೆಂದು ಅನಿಸಿತು. ಅವರ ಆ ಭಾವನೆಯನ್ನು ಪೂರ್ತಿ ಅಳಿಸಲು ನಮಗೆ ಆಮೇಲೆ ಸಾಧ್ಯವಾಗಲೇ ಇಲ್ಲ.

ಮೊದಲ ಸಭೆ, ಮೊದಲ ತಪ್ಪು ನಿರ್ಧಾರ

ಒಂಬತ್ತನೆಯ ದಿನ ಸಮಿತಿಯ ಮುಂದೆ ಪತ್ರವನ್ನು ಇಟ್ಟೆ. ಅಭಿಪ್ರಾಯಗಳು ಮೂರು ದಾರಿ ಹಿಡಿದವು. ನಿಯಮದಲ್ಲಿ ಎಲ್ಲಿಯೂ ಬೇರೆ ಬೇರೆ ಮುದ್ರಿಸಬಾರದೆಂದು ಇಲ್ಲದಿರುವಾಗ ಗಾಯಕಿಯದು ಏನು ತಪ್ಪು, ಕಾರ್ಯಕ್ರಮ ಹಾಗೆಯೇ ನಡೆಯಲಿ ಎಂದು ಅಧ್ಯಕ್ಷರು ವಾದಿಸಿದರು. ಕಾನೂನಿನ ದೃಷ್ಟಿಯಿಂದ ಅವರ ಮಾತು ಸರಿಯಾಗಿಯೇ ಇತ್ತು. ಇನ್ನೊಬ್ಬರು ಪ್ರಶಸ್ತಿಯನ್ನು ತಕ್ಷಣ ರದ್ದುಪಡಿಸಬೇಕೆಂದರು. ಮೂರನೆಯದು ನನ್ನ ಸಲಹೆ: ಸಮಾರಂಭದ ದಿನ ಗಾಯಕಿ ಅದೇ ರಾಗವನ್ನು ವೇದಿಕೆಯ ಮೇಲೆ ಹಾಡಲಿ, ತಬಲಾಕ್ಕೆ ಅದೇ ವಾದಕರು ಕೂರಲಿ, ಕೇಳಿದವರಿಗೆ ಎಲ್ಲವೂ ತಿಳಿಯುತ್ತದೆ. ಈ ಸಲಹೆ ಎಲ್ಲರಿಗೂ ಹಿಡಿಸಿತು. ಅದರಲ್ಲಿ ಯಾರೂ ಯಾವ ಪ್ರಶ್ನೆಗೂ ಉತ್ತರ ಹೇಳಬೇಕಾಗಿರಲಿಲ್ಲ.

ತಡೆದವರು ಒಬ್ಬರೇ, ಆಕಾಶವಾಣಿಯಲ್ಲಿ ಧ್ವನಿಮುದ್ರಣ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮ ಹಿರಿಯ ಸದಸ್ಯರು. ಅವರು ಹೇಳಿದ್ದನ್ನು ಅಂದೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ. ‘ಸನ್ಮಾನಕ್ಕೆಂದು ಕರೆದು ಪರೀಕ್ಷೆಗೆ ಕೂರಿಸುವುದು ಸಭ್ಯತೆಯಲ್ಲ. ಆಕೆ ಚೆನ್ನಾಗಿ ಹಾಡಿದರೂ ತಟ್ಟೆಯಲ್ಲಿರುವುದು ಏನೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಂದು ಗಂಟಲು ಕೈಕೊಟ್ಟರೆ ಇಲ್ಲದ ಕಳಂಕ ಅಂಟುತ್ತದೆ. ನಾವು ಪ್ರಶಸ್ತಿ ಕೊಟ್ಟದ್ದು ಧ್ವನಿಮುದ್ರಿಕೆಗೆ. ಪರೀಕ್ಷಿಸಬೇಕಾದದ್ದೂ ಅದನ್ನೇ.’ ಆದರೂ ಬಹುಮತ ನನ್ನ ಸಲಹೆಯ ಕಡೆಗೇ ಬಂತು. ಅಂದೇ ರಾತ್ರಿ ಗಾಯಕಿಗೆ ಫೋನು ಮಾಡಿದೆ.

ಹಾಡುವುದಕ್ಕೆ ಅವರು ಮರುಮಾತಿಲ್ಲದೆ ಒಪ್ಪಿದರು. ‘ತಬಲಾಕ್ಕೆ ಯಾರು?’ ಎಂದು ಕೇಳಿದರು. ಹೆಸರು ಹೇಳಿದೆ. ‘ಅವರು ಯಾರು?’ ಎಂದರು.

ತಮ್ಮದೇ ಧ್ವನಿಮುದ್ರಿಕೆಯಲ್ಲಿ ತಬಲಾ ನುಡಿಸಿದವರ ಹೆಸರು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಆ ಕ್ಷಣದವರೆಗೆ ನಾವೆಲ್ಲ ಇದನ್ನು ಮುಚ್ಚಿಟ್ಟವರು ಮತ್ತು ವಂಚಿತರಾದವರ ನಡುವಿನ ವ್ಯಾಜ್ಯವೆಂದು ನೋಡುತ್ತಿದ್ದೆವು. ಇಬ್ಬರಿಗೂ ತಿಳಿಯದ ಯಾವುದೋ ಮೂರನೆಯ ಕೈ ಇದರಲ್ಲಿದೆ ಎಂಬ ಅರಿವು ಆ ಫೋನಿನಲ್ಲಿ ಬಂತು. ಸ್ಟುಡಿಯೋದವರು ಮುದ್ರಣ, ಸಾಥ್, ಮಿಕ್ಸಿಂಗ್, ಮುಖಚಿತ್ರ ಎಲ್ಲವನ್ನೂ ಒಂದೇ ಮೊತ್ತಕ್ಕೆ ಗುತ್ತಿಗೆ ಹಿಡಿದಿದ್ದರು. ಶಾಸ್ತ್ರೀಯ ಸಂಗೀತದ ಯುವ ಕಲಾವಿದರಲ್ಲಿ ಅನೇಕರ ಮೊದಲ ಧ್ವನಿಮುದ್ರಿಕೆ ಈಗ ಹೀಗೆಯೇ ತಯಾರಾಗುತ್ತಿದೆ. ನಾನು ಪತ್ರದ ಸಂಗತಿಯನ್ನೆಲ್ಲ ಅವರಿಗೆ ಓದಿ ಹೇಳಿದೆ. ಇದನ್ನು ಮೊದಲೇ ಮಾಡಬೇಕಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೇ ದಾವಣಗೆರೆಗೆ ಬರುತ್ತೇನೆ, ನನ್ನ ಮುಂದೆಯೇ ಕೇಳೋಣ’ ಎಂದರು.

ಮಹಡಿಯ ಮೇಲೆ

ಸಮಾರಂಭಕ್ಕೆ ಆರು ದಿನ ಇರುವಾಗ ಪಿ.ಜೆ. ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ಐವರು ಸೇರಿದೆವು. ನಮಗೆ ಸ್ಪರ್ಧೆಗೆ ಬಂದಿದ್ದ, ಸಂಕುಚಿಸದ ಡಬ್ಲ್ಯೂಎವಿ ಕಡತವನ್ನು ಹಿರಿಯ ಸದಸ್ಯರು ಕಂಪ್ಯೂಟರಿಗೆ ಹಾಕಿದರು. ಪತ್ರದಲ್ಲಿ ಹೇಳಿದ್ದ ತಾನ್ ಮೊದಲ ಬಾರಿ ಹನ್ನೊಂದನೆಯ ನಿಮಿಷದಲ್ಲಿ ಬರುತ್ತದೆ: ಮಂದ್ರ ನಿಷಾದದಿಂದ ಹೊರಟು ತಾರ ಸಪ್ತಕದ ಗಾಂಧಾರವನ್ನು ಮುಟ್ಟಿ, ಸುತ್ತಿಕೊಂಡು ಪಂಚಮಕ್ಕೆ ಇಳಿಯುವ ಉದ್ದನೆಯ ತಾನ್. ಮತ್ತೆ ಹತ್ತೊಂಬತ್ತನೆಯ ನಿಮಿಷದಲ್ಲಿ ಬರುತ್ತದೆ. ಕೇಳುವಾಗ ಎರಡೂ ಒಂದರಂತೆಯೇ ಇದ್ದವು. ಆದರೆ ಒಂದೇ ತಾನನ್ನು ನೂರಾರು ಸಲ ಸಾಧನೆ ಮಾಡಿದವರು ಎರಡು ಸಲ ಒಂದೇ ರೀತಿ ಹಾಡಿದರೆ ಅದರಲ್ಲಿ ಆಶ್ಚರ್ಯವೇನಿದೆ ಎಂದು ನಮ್ಮಲ್ಲೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ ಅದು.

ಹಿರಿಯರು ಮಾಡಿದ್ದು ಸರಳವಾದ ಕೆಲಸ. ಎರಡು ತಾನ್‌ಗಳನ್ನೂ ಕತ್ತರಿಸಿ ಎರಡು ಸಾಲುಗಳಲ್ಲಿ ಒಂದರ ಕೆಳಗೊಂದು ಇಟ್ಟರು. ಪರದೆಯನ್ನು ಹಿಗ್ಗಿಸಿ, ಅಲೆಯ ಏರಿಗೆ ಏರು, ಇಳಿತಕ್ಕೆ ಇಳಿತ ಸರಿಯಾಗಿ ಕೂರುವಂತೆ ಹೊಂದಿಸಿದರು. ಆಮೇಲೆ ಕೆಳಗಿನ ಸಾಲಿನ ಅಲೆಯನ್ನು ತಲೆಕೆಳಗು ಮಾಡಿದರು, ಅಂದರೆ ಏರಿದ್ದಲ್ಲಿ ಇಳಿಯುವಂತೆ, ಇಳಿದಲ್ಲಿ ಏರುವಂತೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಎರಡರಲ್ಲೂ ಸಮನಾಗಿರುವುದೆಲ್ಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಮನುಷ್ಯರು ಎರಡು ಬಾರಿ ಹಾಡಿದ್ದು ಎಷ್ಟೇ ಹತ್ತಿರವಿದ್ದರೂ ಹೀಗೆ ಕಳೆದುಹೋಗುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿನ ವ್ಯತ್ಯಾಸವಿದ್ದರೂ ದನಿ ಒಡೆದೊಡೆದು ಕೇಳುತ್ತಲೇ ಇರುತ್ತದೆ.

ಅವರು ಗುಂಡಿ ಒತ್ತಿದರು. ತಂಬೂರಿ ಕೇಳಿಸಿತು, ಬೇರೆ ಬೇರೆ ಕಡೆ ಬೀಳುವ ಎರಡು ತಬಲಾಗಳ ಪೆಟ್ಟು ಕೇಳಿಸಿತು. ದನಿ ಇರಲಿಲ್ಲ. ತಾರ ಗಾಂಧಾರದ ಜಾಗದಲ್ಲಿ ಗೋಡೆಯಾಚೆಯಿಂದ ಬಂದಂತೆ ಒಂದು ತೆಳು ಸುಳಿವು ಬಿಟ್ಟರೆ ಗಾಯಕಿಯ ಕಂಠವೇ ಅಲ್ಲಿಂದ ಎದ್ದು ಹೋಗಿತ್ತು. ತಟ್ಟೆಯಲ್ಲಿದ್ದ ಮಂಡಕ್ಕಿಗೆ ಯಾರೂ ಕೈ ಹಾಕಲಿಲ್ಲ. ಗಾಯಕಿ ಇನ್ನೊಮ್ಮೆ ಹಾಕಿಸಿ ಕೇಳಿದರು. ‘ಎರಡನೆಯದನ್ನು ನಾನು ಹಾಡಿಲ್ಲ’ ಎಂದರು. ಆ ಜಾಗದಲ್ಲಿ ತಮಗೆ ಕೆಮ್ಮು ಬಂದದ್ದೂ, ಆವರ್ತನವನ್ನು, ಅಂದರೆ ತಾಳದ ಆ ಒಂದು ಸುತ್ತನ್ನು, ಮತ್ತೆ ಹಾಡುತ್ತೇನೆಂದು ಕೇಳಿದ್ದೂ, ಬೇಡ ನಾವು ಸರಿಮಾಡಿಕೊಳ್ಳುತ್ತೇವೆ ಎಂದು ಸ್ಟುಡಿಯೋದವರು ಒಳಗಿನಿಂದ ಹೇಳಿದ್ದೂ ಅವರಿಗೆ ನೆನಪಾಯಿತು. ಸರಿಮಾಡಿಕೊಳ್ಳುವುದು ಎಂದರೆ ಇದೆಂದು ಅವರು ಊಹಿಸಿರಲಿಲ್ಲ. ಬಿಡುಗಡೆಯಾದ ಮೇಲೆ ತಮ್ಮ ಹಾಡನ್ನು ಪೂರ್ತಿ ಕೇಳಲು ಸಂಕೋಚವಾಗುತ್ತಿತ್ತೆಂದೂ, ಕೇಳಿದಾಗಲೂ ಆ ತಾನನ್ನು ತಾನೇ ಮತ್ತೆ ಹಾಡಿರಬೇಕೆಂದುಕೊಂಡೆನೆಂದೂ ಹೇಳಿದರು. ನಾನು ಅವರನ್ನು ನಂಬಿದೆ, ಈಗಲೂ ನಂಬುತ್ತೇನೆ.

ಇಷ್ಟಕ್ಕೇ ಇಷ್ಟು ದೊಡ್ಡ ಗದ್ದಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಹೇಳಲೇಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಟೇಪು ಕತ್ತರಿಸಿ ಜೋಡಿಸುವುದು ದಶಕಗಳಿಂದ ಒಪ್ಪಿತವಾದ ಕೆಲಸ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳನ್ನೇ ನಿಲ್ಲಿಸಿ ಸ್ಟುಡಿಯೋವನ್ನು ಆರಿಸಿಕೊಂಡರು, ಬೇರೆ ಬೇರೆ ಸಲ ಮುದ್ರಿಸಿದ ಹಲವು ಟೇಕ್‌ಗಳನ್ನು ಜೋಡಿಸುವುದನ್ನು ಮುಚ್ಚುಮರೆಯಿಲ್ಲದೆ ಸಮರ್ಥಿಸಿಕೊಂಡರು. ಅಲ್ಲಿ ಕೃತಿ ಮೊದಲೇ ಬರೆದಿಟ್ಟದ್ದು. ಜೋಡಣೆ ಆ ಬರಹಕ್ಕೆ ಹತ್ತಿರವಾಗುವ ಯತ್ನ. ಖಯಾಲಿನಲ್ಲಿ ಬರೆದಿಟ್ಟದ್ದು ಬಂದಿಶ್ ಎಂಬ ಪುಟ್ಟ ಹಾಡಿನ ನಾಲ್ಕು ಸಾಲು ಮಾತ್ರ. ಉಳಿದದ್ದೆಲ್ಲ ಆ ಹೊತ್ತಿನಲ್ಲಿ, ಸಾಥಿದಾರರ ಎದುರಿನಲ್ಲಿ ಹುಟ್ಟುವಂಥದ್ದು. ವಿಲಂಬಿತ್ ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ಅಷ್ಟು ಹೊತ್ತು ಗಾಯಕರು ಎಲ್ಲೆಲ್ಲೋ ಸುತ್ತಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಇಳಿಯುವುದನ್ನು ತಬಲಾದವರು ಕಣ್ಣಿನಲ್ಲೇ ಹಿಡಿದಿರುತ್ತಾರೆ. ಖಯಾಲಿನ ಧ್ವನಿಮುದ್ರಿಕೆಯನ್ನು ಕೇಳುವವರು ‘ಒಂದು ಕೂಟದಲ್ಲಿ ಹೀಗೆ ನಡೆಯಿತು’ ಎಂಬ ನಂಬಿಕೆಯ ಮೇಲೆ ಕೇಳುತ್ತಾರೆ, ನಾವು ಪ್ರಶಸ್ತಿ ಕೊಟ್ಟದ್ದೂ ಆ ನಂಬಿಕೆಯ ಮೇಲೆಯೇ. ಕೆಮ್ಮು ಉಳಿದಿದ್ದರೂ ಆ ಪೂರಿಯಾ ಧನಾಶ್ರೀಗೆ ನಾನು ಅಷ್ಟೇ ಅಂಕ ಕೊಡುತ್ತಿದ್ದೆ.

ಖಾಲಿ ಬಿಟ್ಟ ಜಾಗ

ಗಾಯಕಿ ಅಂದೇ ತಮ್ಮ ಧ್ವನಿಮುದ್ರಿಕೆಯನ್ನು ಸ್ಪರ್ಧೆಯಿಂದ ಹಿಂತೆಗೆದುಕೊಳ್ಳುವುದಾಗಿ ಬರೆದುಕೊಟ್ಟರು. ನಮ್ಮ ಕೆಲಸ ಹಗುರವಾಯಿತು, ಆದರೆ ಮುಗಿಯಲಿಲ್ಲ. ಅವರೇ ಬಿಟ್ಟುಕೊಟ್ಟರೆಂದು ಪ್ರಕಟಿಸಿ ಕೈತೊಳೆದುಕೊಂಡರೆ ಭಾರವೆಲ್ಲ ಅವರ ತಲೆಯ ಮೇಲೆ ಬೀಳುತ್ತಿತ್ತು. ಧ್ವನಿಮುದ್ರಿಕೆ ಹೇಗೆ ತಯಾರಾಯಿತೆಂದು ಕೇಳದೆಯೇ ಪ್ರಶಸ್ತಿ ಕೊಟ್ಟವರು ನಾವಲ್ಲವೇ? ಎರಡು ರಾತ್ರಿ ಚರ್ಚಿಸಿ ನಾಲ್ಕು ವಾಕ್ಯಗಳ ಹೇಳಿಕೆ ಸಿದ್ಧಪಡಿಸಿದೆವು. ಮೊದಲ ವಾಕ್ಯ ಸಭೆಯ ನಿಯಮಗಳಲ್ಲಿದ್ದ ಕೊರತೆಯದು, ಎರಡನೆಯದು ಗಾಯಕಿ ಸ್ವತಃ ಪರಿಶೀಲನೆಗೆ ಮುಂದಾದದ್ದು, ಮೂರನೆಯದು ತಬಲಾ ವಾದಕರ ಹೆಸರು, ನಾಲ್ಕನೆಯದು ಈ ವರ್ಷ ಧ್ವನಿಮುದ್ರಿಕೆಗೆ ಪ್ರಶಸ್ತಿ ಇಲ್ಲವೆಂಬುದು. ಸ್ಟುಡಿಯೋದ ಹೆಸರನ್ನು ಹೇಳಲಿಲ್ಲ.

ಎರಡನೆಯ ಸ್ಥಾನದಲ್ಲಿದ್ದುದಕ್ಕೆ ಪ್ರಶಸ್ತಿ ಕೊಡಬಾರದೇಕೆ ಎಂದು ದಾನಿಗಳು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದಾಗ ನಮಗೆ ಎರಡನೆಯ ದೋಷ ಕಂಡಿತು. ಎರಡನೆಯ ಸ್ಥಾನದ ಪಿಟೀಲು ವಾದಕರು ತೀರ್ಪುಗಾರರೊಬ್ಬರ ಬಳಿ ಆರು ವರ್ಷ ಕಲಿತವರು. ಅಂಕಪಟ್ಟಿಯನ್ನು ಮತ್ತೆ ತೆಗೆದು ನೋಡಿದರೆ ಇನ್ನೂ ಒಂದು ಸಂಗತಿ ಇತ್ತು: ಬಂದ 41ರಲ್ಲಿ 15 ಕರ್ನಾಟಕಿ ಸಂಗೀತದವು, ಆದರೆ ಮೊದಲ ಹತ್ತರಲ್ಲಿ ಉಳಿದದ್ದು ಆ ಪಿಟೀಲು ಒಂದೇ. ಮೂವರು ತೀರ್ಪುಗಾರರಲ್ಲಿ ಇಬ್ಬರು ಹಿಂದೂಸ್ತಾನಿಯವರು. ಅವರು ಬೇಕೆಂದು ಅಂಕ ಕಡಿತ ಮಾಡಿದರೆಂದು ನಾನು ಹೇಳುವುದಿಲ್ಲ. ಒಂದು ನಿಮಿಷದ ಆವರ್ತನಕ್ಕೆ ಒಗ್ಗಿದ ಕಿವಿಗೆ ಕರ್ನಾಟಕಿಯ ನಿರವಲ್‌ನಲ್ಲಿ ಒಂದೇ ಸಾಲು ಹೇಗೆ ಬೆಳೆಯುತ್ತಿದೆ ಎಂಬುದು ಅಷ್ಟು ಸುಲಭವಾಗಿ ದಕ್ಕುವುದಿಲ್ಲ, ಅಷ್ಟೇ. ಈ ಪಟ್ಟಿಯ ಮೇಲೆ ನಿಂತು ಎರಡನೆಯವರಿಗೆ ಪ್ರಶಸ್ತಿ ಕೊಡಲು ಸಾಧ್ಯವಿರಲಿಲ್ಲ.

ಕಲಾವಿದರ ಗೌರವ ಮಾತ್ರ ಎಂದಿನಂತೆ ಸಲೀಸಾಗಿ ನಡೆಯಿತು. ಅದಕ್ಕೆ ಆರಿಸುವ ಮೊದಲು ಸಮಿತಿಯವರು ಆ ಕಲಾವಿದರನ್ನು ಕನಿಷ್ಠ ಎರಡು ಕಛೇರಿಗಳಲ್ಲಿ ಎದುರಿಗೆ ಕುಳಿತು ಕೇಳಿರಬೇಕೆಂಬ ರೂಢಿ ಮೊದಲಿನಿಂದಲೂ ಇತ್ತು.

ಸಮಾರಂಭಕ್ಕೆ ಗಾಯಕಿ ಬಂದು ಎರಡನೆಯ ಸಾಲಿನಲ್ಲಿ ಕುಳಿತರು. ಹೇಳಿಕೆ ಓದಿದಾಗ ಸಭೆ ಚಪ್ಪಾಳೆ ತಟ್ಟಲೂ ಇಲ್ಲ, ಗುಸುಗುಸು ಮಾಡಲೂ ಇಲ್ಲ. ತಬಲಾ ವಾದಕರನ್ನು ಆಹ್ವಾನಿಸಿದ್ದೆವು, ಅವರು ಬರಲಿಲ್ಲ. ಹೆಸರು ದಾಖಲಾದರೆ ಸಾಕೆಂದು ಸಂದೇಶ ಕಳುಹಿಸಿದ್ದರು. ಹಾಡು ಸಿಗುವ ಜಾಲತಾಣಗಳಲ್ಲಿ ಅವರ ಹೆಸರು ಸೇರುವುದಕ್ಕೆ ಇನ್ನೂ ಮೂರು ತಿಂಗಳು ಬೇಕಾಯಿತು, ಅದಕ್ಕಾಗಿ ಗಾಯಕಿ ಹನ್ನೆರಡು ಮಿಂಚಂಚೆ ಬರೆಯಬೇಕಾಯಿತು.

ನಿಯಮ ಬರೆಯಲು ಕುಳಿತಾಗ

ಬೇರೆಯವರು ಹೇಗೆ ನಡೆಸುತ್ತಾರೆಂದು ನೋಡದೆ ಹೊಸ ನಿಯಮ ಬರೆಯಬಾರದೆಂದು ತೀರ್ಮಾನಿಸಿದೆವು. ಬ್ರಿಟನ್ನಿನ ಗ್ರಾಮಫೋನ್ ಪತ್ರಿಕೆ 1923ರಲ್ಲಿ ಹುಟ್ಟಿದ್ದು. ಧ್ವನಿಮುದ್ರಿಕೆಗಳಿಗೆ ಅದು 1977ರಿಂದ ವಾರ್ಷಿಕ ಪ್ರಶಸ್ತಿ ಕೊಡುತ್ತಿದೆ. ಅಲ್ಲಿ ವಾದ್ಯವೃಂದ, ಕೊಠಡಿ ಸಂಗೀತ (ಕೆಲವೇ ವಾದ್ಯಗಳ ಮೇಳ), ಒಪೆರಾ ಹೀಗೆ ವಿಭಾಗಗಳು ಬೇರೆ ಬೇರೆ. ವಿಭಾಗಗಳಲ್ಲಿ ಗೆದ್ದವುಗಳ ನಡುವಿನಿಂದ ವರ್ಷದ ಧ್ವನಿಮುದ್ರಿಕೆಯನ್ನು ಆರಿಸುತ್ತಾರೆ. ವರ್ಷದ ಕಲಾವಿದರ ಗೌರವ ಅದರಿಂದ ಬೇರೆ. ಅಮೆರಿಕದ ಗ್ರ್ಯಾಮಿಯಲ್ಲಿ 1959ರ ಮೊದಲ ಸಮಾರಂಭದಿಂದಲೇ ಶಾಸ್ತ್ರೀಯ ಧ್ವನಿಮುದ್ರಿಕೆಯ ಶಬ್ದ ತಂತ್ರಜ್ಞರಿಗೆ ಪ್ರತ್ಯೇಕ ಪ್ರಶಸ್ತಿ ಇದೆ. ತಂತ್ರಜ್ಞರ ಕೈಚಳಕವನ್ನು ಬಹಿರಂಗವಾಗಿ ಹೆಸರಿಸಿ ಗೌರವಿಸಿದರೆ ಅದು ಗಾಯಕರ ಲೆಕ್ಕಕ್ಕೆ ಕದ್ದು ಸೇರುವುದಿಲ್ಲ ಎಂಬುದು ಇದರಿಂದ ನಮಗೆ ಹೊಳೆದ ವಿಚಾರ. ವಿಭಾಗಗಳ ತೊಡಕು ದೊಡ್ಡವರಿಗೂ ತಪ್ಪಿದ್ದಲ್ಲ. ಸಿತಾರ್ ವಾದಕ ರವಿಶಂಕರ್ ಮತ್ತು ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆಯಾಗಿ ನುಡಿಸಿದ ಧ್ವನಿಮುದ್ರಿಕೆಗೆ 1968ರಲ್ಲಿ ಗ್ರ್ಯಾಮಿ ಬಂದದ್ದು ಕೊಠಡಿ ಸಂಗೀತದ ವಿಭಾಗದಲ್ಲಿ. ಸಿತಾರಿಗೆ ಅಲ್ಲಿ ಬೇರೆ ಮನೆ ಇರಲಿಲ್ಲ.

ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಬ್ರಿಟನ್ನಿನ ಪಿಯಾನೋ ವಾದಕಿ ಜಾಯ್ಸ್ ಹ್ಯಾಟೊ ಅವರ ಪ್ರಕರಣ. ಅವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ಹೊರಬಂದಿದ್ದವು, ವಿಮರ್ಶಕರು ಹಾಡಿ ಹೊಗಳಿದ್ದರು. ಅವರು ತೀರಿಕೊಂಡ ಮರುವರ್ಷ, 2007ರಲ್ಲಿ, ಅವುಗಳಲ್ಲೊಂದನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಲಾಸ್ಲೊ ಸಿಮೋನ್ ಎಂಬ ಬೇರೊಬ್ಬ ವಾದಕರ ತಟ್ಟೆಯೆಂದು ಪರದೆಯ ಮೇಲೆ ಬಂತು. ಅಲೆಗಳನ್ನು ಹೋಲಿಸಿ ನೋಡಿದಾಗ ಇತರರ ಮುದ್ರಿಕೆಗಳೇ ಅವರ ಹೆಸರಿನಲ್ಲಿ ಮಾರಾಟವಾಗಿದ್ದುದು ಬಯಲಾಯಿತು. ಪ್ರಕಾಶಕರಾಗಿದ್ದ ಅವರ ಪತಿ ಕೊನೆಗೆ ಅದನ್ನು ಒಪ್ಪಿಕೊಂಡರು. ನಮ್ಮ ಪ್ರಕರಣಕ್ಕೂ ಅದಕ್ಕೂ ಅಜಗಜಾಂತರವಿದೆ. ಆದರೆ ಪಳಗಿದ ಕಿವಿಗಳು ವರ್ಷಗಟ್ಟಲೆ ಕೇಳಿಯೂ ಹಿಡಿಯಲಾಗದ್ದು ಇರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ತೀರ್ಪುಗಾರರನ್ನು ದೂರುವುದು ನ್ಯಾಯವಲ್ಲವೆಂದು ನನಗೆ ಮನವರಿಕೆಯಾದದ್ದು ಅದರಿಂದ.

ಈ ಚರ್ಚೆಯ ನಡುವೆ ದಾನಿಗಳ ಮನೆಯವರು ತಂದೆಯ ತಟ್ಟೆಗಳನ್ನು ತಂದು ಕೇಳಿಸಿದರು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತಟ್ಟೆಗೆ ಹಾಡಿದ ಕಾಲದಿಂದ ಹಲವು ಗಾಯಕಿಯರು ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ. ಅಂದು ಹಿಂದೆ ಕುಳಿತು ಸಾರಂಗಿ, ತಬಲಾ ನುಡಿಸಿದ ಎಷ್ಟೋ ಜನರ ಹೆಸರು ಆ ಲೇಬಲ್‌ಗಳ ಮೇಲೆ ಬರಲೇ ಇಲ್ಲ. ಅದನ್ನು ಕೇಳಿದ ಮೇಲೆ ಹೊಸ ನಿಯಮಾವಳಿಯ ಮೊದಲ ಕಲಂ ಯಾವುದಾಗಬೇಕೆಂಬುದರ ಬಗ್ಗೆ ವಾದವೇ ನಡೆಯಲಿಲ್ಲ: ನುಡಿಸಿದ ಪ್ರತಿಯೊಬ್ಬರ ಮತ್ತು ಮುದ್ರಿಸಿದವರ ಹೆಸರಿಲ್ಲದೆ ಯಾವ ಧ್ವನಿಮುದ್ರಿಕೆಯನ್ನೂ ಸ್ವೀಕರಿಸುವುದಿಲ್ಲ.

ಉಳಿದ ನಿಯಮಗಳೂ ಒಂದೊಂದಾಗಿ ಬಂದವು. ಜನರ ಮುಂದೆ ಹಾಡಿದ್ದು ಒಂದು ವಿಭಾಗ, ಸ್ಟುಡಿಯೋದ್ದು ಇನ್ನೊಂದು. ಹಿಂದೂಸ್ತಾನಿ ಮತ್ತು ಕರ್ನಾಟಕಿಗೆ ಬೇರೆ ಬೇರೆ ತೀರ್ಪುಗಾರರು. ಶಿಷ್ಯರ ಮುದ್ರಿಕೆ ಬಂದರೆ ಆ ತೀರ್ಪುಗಾರರು ಆ ವರ್ಷ ಕೂರುವಂತಿಲ್ಲ. ಕೇಳಿಸುವಾಗ ಹೆಸರಿನ ಬದಲು ಸಂಖ್ಯೆ ಮಾತ್ರ. ಮುಖ್ಯವಾದದ್ದು ಒಂದು ಘೋಷಣಾ ಪತ್ರ. ಎಲ್ಲರೂ ಒಟ್ಟಿಗೆ ಕುಳಿತು ನುಡಿಸಿದ್ದೇ, ಎಷ್ಟು ಟೇಕ್‌ಗಳು, ಎಲ್ಲೆಲ್ಲಿ ಜೋಡಿಸಲಾಗಿದೆ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಬಳಸಲಾಗಿದೆಯೇ ಎಂದು ಅದರಲ್ಲಿ ಕಲಾವಿದರು ಬರೆಯಬೇಕು. ಜೋಡಿಸಿದರೆ ತಪ್ಪೆಂದು ನಾವು ಎಲ್ಲಿಯೂ ಹೇಳಿಲ್ಲ. ಹೇಳದೆ ಜೋಡಿಸುವುದು ಮಾತ್ರ ತಪ್ಪು.

ಮುಂದೆ ಆದದ್ದು

ಮರುವರ್ಷ ಬಂದದ್ದು 14 ಮುದ್ರಿಕೆಗಳು. ಪ್ರಶಸ್ತಿಯೇ ನಿಂತುಹೋಗುತ್ತದೇನೋ ಎಂಬ ಭಯ ನನಗಿತ್ತು. ಹಳೆಯ ತೀರ್ಪುಗಾರರಲ್ಲೊಬ್ಬರು, ತಮ್ಮ ಪ್ರಾಮಾಣಿಕತೆಯನ್ನೇ ಶಂಕಿಸಿದಂತಾಯಿತೆಂದು ಬೇಸರಗೊಂಡು ದೂರವಾದರು. ಅವರ ಮನೆಗೆ ಹೋಗಿ ವಿವರಿಸಿದರೂ ಪ್ರಯೋಜನವಾಗಲಿಲ್ಲ. ಅವರನ್ನು ಕಳೆದುಕೊಂಡದ್ದು ಸಭೆಗೆ ನಿಜವಾದ ನಷ್ಟ. ಹೊಸ ನಿಯಮದಲ್ಲೂ ಒಂದು ಎಡವಟ್ಟು ಮಾಡಿದ್ದೆವು. ತಿದ್ದದ ಮೂಲ ಕಡತಗಳನ್ನೂ ಎಲ್ಲರೂ ಕಳುಹಿಸಬೇಕೆಂದು ಕೇಳಿದ್ದೆವು. ಹಿರಿಯೂರಿನ ಒಬ್ಬ ಶಿಕ್ಷಕರು ಮನೆಯಲ್ಲಿ ಮೊಬೈಲಿನಲ್ಲಿಯೇ ಮುದ್ರಿಸಿ ಮೂಲವನ್ನು ಅಳಿಸಿಬಿಟ್ಟಿದ್ದರು; ಅವರದು ತಿರಸ್ಕೃತವಾಯಿತು. ದೊಡ್ಡ ಸ್ಟುಡಿಯೋದವರಿಗೆ ಸುಲಭವಾದದ್ದು ಸಣ್ಣ ಊರಿನವರಿಗೆ ಗೋಡೆಯಾಗಿತ್ತು. ಈಗ ಕೊನೆಯ ಸುತ್ತಿಗೆ ಬಂದ ಐದರಿಂದ ಮಾತ್ರ ಅದನ್ನು ಕೇಳುತ್ತೇವೆ, ಹಾಗೆಂದು ಮೊದಲೇ ತಿಳಿಸಿರುತ್ತೇವೆ.

ಹೊಸ ನಿಯಮದ ಎರಡನೆಯ ವರ್ಷ 19, ಮೂರನೆಯ ವರ್ಷ 26 ಬಂದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮುಂದೆ ಹಾಡಿದವು. ಸ್ಟುಡಿಯೋ ವಿಭಾಗವನ್ನೇ ಕೈಬಿಡಬೇಕೆಂದು ನಮ್ಮ ಹಿರಿಯ ಸದಸ್ಯರು ಈಗ ಹೇಳುತ್ತಿದ್ದಾರೆ, ನಾನು ಒಪ್ಪಿಲ್ಲ. ಸದ್ದಿನ ಸೂಕ್ಷ್ಮಗಳನ್ನು ಸ್ಟುಡಿಯೋದಲ್ಲಿ ಮಾತ್ರ ಹಿಡಿಯಬಹುದಾದ ರುದ್ರವೀಣೆಯಂಥ ವಾದ್ಯಗಳಿವೆ; ಊರಿನಲ್ಲಿ ಕಛೇರಿ ಸಿಗದ ಕಲಾವಿದರಿದ್ದಾರೆ. ಗದ್ದಲ ಅಳಿಸುವ ಹೊಸ ಸಾಫ್ಟ್‌ವೇರ್‌ಗಳ ವಿಷಯದಲ್ಲಿ ಮಾತ್ರ ನಾವು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಫ್ಯಾನಿನ ಸದ್ದು ತೆಗೆದರೆ ತಪ್ಪಿಲ್ಲ ಎನ್ನುತ್ತೇವೆ, ಆದರೆ ಅದೇ ಸಾಫ್ಟ್‌ವೇರ್ ಉಸಿರನ್ನೂ ತಂಬೂರಿಯ ಜವಾರಿಯನ್ನೂ, ಅಂದರೆ ಅದರ ಝೇಂಕಾರವನ್ನೂ, ಸವರಿಕೊಂಡು ಹೋಗುತ್ತದೆ.

ಗಾಯಕಿ ಆ ಧ್ವನಿಮುದ್ರಿಕೆಯನ್ನು ಜಾಲತಾಣಗಳಿಂದ ತೆಗೆಸಲಿಲ್ಲ. ವಿವರಣೆಯಲ್ಲಿ ಹತ್ತೊಂಬತ್ತನೆಯ ನಿಮಿಷದ ಸಂಗತಿಯನ್ನು ಬರೆದಿಟ್ಟರು. ಎರಡು ವರ್ಷದ ನಂತರ ನಮ್ಮ ತಿಂಗಳ ಬೈಠಕ್ಕಿನಲ್ಲಿ ಹಾಡಿದರು. ತಬಲಾಕ್ಕೆ ಬಂದವರು ಬೇರೆಯವರು, ಮೊದಲಿನವರು ಕರೆದರೂ ಒಪ್ಪಲಿಲ್ಲ. ನಮ್ಮ ಸಭಾಂಗಣ ರೈಲು ಹಳಿಗೆ ಹತ್ತಿರವಿದೆ. ಆ ಬೈಠಕ್ಕಿನ ಮುದ್ರಿಕೆಯನ್ನೇ ಅವರು ಈ ವರ್ಷ ಸ್ಪರ್ಧೆಗೆ ಕಳುಹಿಸಿದ್ದಾರೆ. ಘೋಷಣಾ ಪತ್ರದಲ್ಲಿ ಜೋಡಣೆಯ ಕಲಮಿನ ಎದುರು ಹೀಗೆ ಬರೆದಿದ್ದಾರೆ: ‘ಇಲ್ಲ. 14ನೆಯ ನಿಮಿಷದಲ್ಲಿ ರೈಲಿನ ಸೀಟಿ ಕೇಳಿಸುತ್ತದೆ. ಅದಕ್ಕಾಗಿ ಒಂದು ಆವರ್ತನ ಕಾದಿದ್ದೇವೆ.’ ಅದರ ಕೆಳಗೆ ತಬಲಾ, ಹಾರ್ಮೋನಿಯಂ ಮತ್ತು ತಂಬೂರಿಗೆ ಕುಳಿತಿದ್ದ ಮೂವರ ಸಹಿಗಳೂ ಇವೆ. ಫಲಿತಾಂಶ ಇನ್ನೂ ಬಂದಿಲ್ಲ. ಅವರ ಕಡತಕ್ಕೆ ಸಂಖ್ಯೆ ಕೊಟ್ಟವನು ನಾನಾದ್ದರಿಂದ ಈ ಸಲ ಅಂಕಪಟ್ಟಿ ಕೂಡಿಸುವ ಕೆಲಸದಿಂದ ಹೊರಗುಳಿದಿದ್ದೇನೆ.